ಹಗುರ ಗಾಡಿ, ಯಾರಿಗೆ ಹಗುರ?

ಆಕಾಶದಿಂದ ಇಳಿಯುವ ಸೈನಿಕರ ಪಾಡು ವಿಚಿತ್ರ. ಯುದ್ಧಭೂಮಿ ತನಕ ಹಾರಿಕೊಂಡು ಬರ್ತಾರೆ. ಇಳಿದ ಮೇಲೆ ಮದ್ದುಗುಂಡು, ನೀರು, ರೇಡಿಯೋ ಎಲ್ಲ ಬೆನ್ನ ಮೇಲೆ ಹೊತ್ತು ನಡೆಯಬೇಕು. ಈ ಸಮಸ್ಯೆಗೆ ಅಮೆರಿಕ 1950ರ ದಶಕದಲ್ಲಿ ಹುಡುಕಿದ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಒಂದು, ಎಂ422 ‘ಮೈಟಿ ಮೈಟ್’. ಅಮೆರಿಕನ್ ಮೋಟರ್ಸ್ ಕಂಪನಿ ಮರೀನ್ ಪಡೆಗೆ ಮಾಡಿಕೊಟ್ಟ ಪುಟ್ಟ ಜೀಪು. ಅಲ್ಯೂಮಿನಿಯಂ ಬಾಡಿ, ಗಾಳಿಯಿಂದ ತಣಿಯುವ ವಿ-4 ಎಂಜಿನ್, ತೂಕ ಸುಮಾರು 770 ಕೆಜಿ. ಅಂದಿನ ಹೆಲಿಕಾಪ್ಟರ್ ಎತ್ತುವಷ್ಟು ಹಗುರ ಇರಬೇಕು ಅನ್ನೋದೇ ಅದರ ಹುಟ್ಟಿನ ಕಾರಣ. ಕೆಲಸ ಅಚ್ಚುಕಟ್ಟು. ಆದರೆ ಅದು ತಯಾರಾಗಿ ಬರುವಷ್ಟರಲ್ಲಿ ಮಾಮೂಲಿ ಜೀಪನ್ನೇ ಎತ್ತುವ ಹೆಲಿಕಾಪ್ಟರುಗಳು ಬಂದವು. 4,000 ಮುಟ್ಟುವ ಮೊದಲೇ ಉತ್ಪಾದನೆ ನಿಂತಿತು. ಕೋಡ್ ಮುಗಿಯೋ ಹೊತ್ತಿಗೆ ರಿಕ್ವೈರ್‌ಮೆಂಟೇ ಬದಲಾಗೋದು ನಮಗೇನು ಹೊಸದಾ?

ಇನ್ನೊಂದು, ವಿಲ್ಲಿಸ್ ಕಂಪನಿ ಶುರುಮಾಡಿದ ಎಂ274 ‘ಮೆಕ್ಯಾನಿಕಲ್ ಮ್ಯೂಲ್’, ಅಂದ್ರೆ ಯಂತ್ರದ ಹೇಸರಗತ್ತೆ. ಮೈಟ್ ಜೀಪನ್ನು ಕುಗ್ಗಿಸಿತು. ಮ್ಯೂಲ್ ಜೀಪೇ ಯಾಕೆ ಬೇಕು ಅಂತ ಕೇಳಿತು. ನಾಲ್ಕು ಚಕ್ರ, ಮೇಲೊಂದು ಹಲಗೆ, ಅಡಿಯಲ್ಲಿ ಎಂಜಿನ್. ಬಾಗಿಲಿಲ್ಲ, ಸ್ಪ್ರಿಂಗೂ ಇಲ್ಲ. ಕುಲುಕಾಟ ತಡೆಯೋದು ಟೈರು ಮಾತ್ರ. ತನ್ನ ತೂಕ ಸುಮಾರು 400 ಕೆಜಿ, ಹೊರೋದು 450. ಸ್ಟೀರಿಂಗ್ ಬಗ್ಗಿಸಿಕೊಂಡು ಡ್ರೈವರ್ ಕೆಳಗಿಳಿದು, ನಡೆಯುತ್ತಲೋ ತೆವಳುತ್ತಲೋ ಅದನ್ನು ಓಡಿಸಬಹುದು. ಏರು ಬಂದಾಗ ಗಾಡಿಯಿಂದ ಇಳಿದು ಎತ್ತಿನ ಜೊತೆ ನಡೆಯೋರನ್ನು ನೋಡಿ ಬೆಳೆದ ನನಗೆ ಈ ಬುದ್ಧಿ ಕೂಡಲೇ ಅರ್ಥವಾಯಿತು. ಗಾಡಿ ಇರೋದು ಹೇರಿಗೆ. 1956ರಿಂದ 1970ರವರೆಗೆ 11,000ಕ್ಕೂ ಹೆಚ್ಚು ತಯಾರಾದವು.

ಹಾಗಂತ ಪೂರ್ತಿ ಮಾರ್ಕ್ಸ್ ಕೊಡಲಾರೆ. 1968ರಲ್ಲಿ ವಿಯೆಟ್ನಾಮಿನ ಹ್ವೇ ನಗರದ ಬೀದಿ ಕಾಳಗದಲ್ಲಿ ಇದೇ ಹಲಗೆಯ ಮೇಲೆ 106 ಮಿ.ಮೀ. ಗನ್ ಕೂರಿಸಿದರು, ಗಾಯಾಳುಗಳನ್ನೂ ಸಾಗಿಸಿದರು. ಡ್ರೈವರ್ ಕೂರೋದು ಹಲಗೆಯ ತುದಿಯಲ್ಲಿ. ಗುಂಡಿಗೆ ಅಡ್ಡವಾಗಲು ಮುಂದೆ ಒಂದು ತಗಡೂ ಇಲ್ಲ. ಸಾಮಾನು ಸಾಗಿಸೋಕೆ ಮಾಡಿದ್ದನ್ನು ಗುಂಡಿನ ಮಳೆಗೆ ನುಗ್ಗಿಸಿದಾಗ, ಗಾಡಿಯಲ್ಲಿ ಉಳಿಸಿದ ತೂಕದ ಬೆಲೆ ತೆತ್ತವನು ಅವನು.

‘ಮಿನಿಮಲ್ ಡಿಸೈನ್’ ಅಂತ ಸ್ಲೈಡ್ ಹಾಕಿ ಚಪ್ಪಾಳೆ ಗಿಟ್ಟಿಸುವಾಗ ನಾವು ಈ ಲೆಕ್ಕ ಬಿಟ್ಟುಬಿಡ್ತೀವಿ. ಎರಡರಲ್ಲಿ ನನ್ನ ಓಟು ಈಗಲೂ ಹೇಸರಗತ್ತೆಗೇ. ಆದರೆ ಅದನ್ನು ಹೊಗಳುವವರು ತೂಕದ ಅಂಕಿಯ ಪಕ್ಕದಲ್ಲೇ ಆ ತುದಿಯಲ್ಲಿ ಕೂತವನ ವಿಷಯವನ್ನೂ ಬರೆಯಲಿ.