ಪುಸ್ತಕದ ಮೂವರು, ಅಟ್ಟದ ಮೇಲಿನ ಒಬ್ಬರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಕೊಬ್ಬರಿಯ ಜಾಗ. ಅಲ್ಲಿ ಹರಡಿದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕುಲುಕಿದಾಗ ಸದ್ದು ಬಂದರೆ ಅದು ಉಂಡೆಕೊಬ್ಬರಿಯಾಯಿತೆಂದು ಲೆಕ್ಕ. ನಮ್ಮ ಮನೆಯ ಅಟ್ಟದಲ್ಲಿ ಕಾಯಿಯ ರಾಶಿಯ ಹಿಂದೆ ಒಂದು ತಗಡಿನ ಪೆಟ್ಟಿಗೆಯೂ ಇತ್ತು. ಅದು ಅಜ್ಜಿಯ ಹಿರಿಯಣ್ಣನದು. ಆತನ ಬಗ್ಗೆ ಕೇಳಿದಾಗಲೆಲ್ಲ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: “ಬಸರಾಕ್ಕೆ ಹೋದೋನು ಬರಲಿಲ್ಲ ಕಣಪ್ಪ.” ಬಸರಾ ಎಲ್ಲಿದೆಯೆಂದು ಆಕೆಗೆ ತಿಳಿದಿರಲಿಲ್ಲ. 1974ರಲ್ಲಿ ಮನೆಯನ್ನು ಕೆಡವಿ ಕಟ್ಟಿದಾಗ ಆ ಪೆಟ್ಟಿಗೆಯ ಕಾಗದಗಳು ಚಿಪ್ಪಿನ ಜೊತೆಗೆ ಹಂಡೆ ಒಲೆಯ ಪಾಲಾದವು. ಒಲೆಗೆ ಹಾಕಿದವರಲ್ಲಿ ನಾನೂ ಒಬ್ಬ.

ಈ ಹಳೆಯ ತಪ್ಪನ್ನು ನೆನಪಿಗೆ ತಂದದ್ದು ರಘು ಕಾರ್ನಾಡ್ ಅವರ ‘ಫಾರ್ದೆಸ್ಟ್ ಫೀಲ್ಡ್’ ಎಂಬ ಇಂಗ್ಲಿಷ್ ಕೃತಿ. 2015ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ ಮರುವರ್ಷ ಕೇಂದ್ರ ಸಾಹಿತ್ಯ ಅಕಾದೆಮಿಯ ಯುವ ಪುರಸ್ಕಾರ ಸಂದಿತು. ಲೇಖಕರು ನಮ್ಮ ನಾಟಕಕಾರ ಗಿರೀಶ ಕಾರ್ನಾಡರ ಮಗ. ಅಜ್ಜಿಯ ಮನೆಯಲ್ಲಿದ್ದ ಹಳೆಯ ಭಾವಚಿತ್ರಗಳಲ್ಲಿನ ಮೂವರು ತರುಣರು ಯಾರೆಂಬ ಪ್ರಶ್ನೆಯೇ ಈ ಕೃತಿಯ ಮೂಲ. ಒಬ್ಬರು ಕಲ್ಲಿಕೋಟೆಯ ಪಾರ್ಸಿ ಮನೆತನದ ಬಾಬಿ ಮುಗಾಸೇಠ್. ಇನ್ನಿಬ್ಬರು ಅವರ ಅಕ್ಕಂದಿರನ್ನು ವರಿಸಿದವರು: ಕೊಡಗಿನ ವೈದ್ಯ ಕೊಡಂದೇರ ಗಣಪತಿ ಮತ್ತು ವಿಮಾನ ಚಾಲಕ ಮಾಣೆಕ್ ದಾದಾಭಾಯ್. ಗಣಪತಿಯವರು ಲೇಖಕರ ತಾಯಿಯ ತಂದೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1944ರೊಳಗೆ, ಮೂವರೂ ತೀರಿಕೊಂಡರು. ಮನೆಯಲ್ಲಿ ಚಿತ್ರಗಳು ಉಳಿದವು, ಮಾತು ನಿಂತುಹೋಯಿತು.

ಈ ಕೃತಿಯ ಮೊದಲ ಗುಣ, ಇದು ವೀರಗಾಥೆಯಾಗಲು ಹವಣಿಸುವುದಿಲ್ಲ. ವೈದ್ಯ ಗಣಪತಿಯವರು ಸತ್ತದ್ದು ವಾಯುವ್ಯ ಗಡಿಯ ಠಾಣ್ಯದಲ್ಲಿ, ಅದೂ ಗುಂಡಿನಿಂದಲ್ಲ, ಕಾಯಿಲೆಯಿಂದ. ಅದನ್ನು ಮೊಮ್ಮಗ ಮರೆಮಾಚಿಲ್ಲ. ಹಿರಿಯರನ್ನು ದೊಡ್ಡವರನ್ನಾಗಿ ಮಾಡುವ ಆಸೆ ಎಲ್ಲ ಮನೆಗಳಲ್ಲಿಯೂ ಇರುವುದರಿಂದ, ಇಂತಹ ಸಂಯಮವನ್ನು ಸಣ್ಣ ಗುಣವೆಂದು ಎಣಿಸಲಾಗದು.

ಎರಡನೆಯ ಗುಣ, ಮನೆಗಳು ಏಕೆ ಮೌನವಾದವು ಎಂಬುದಕ್ಕೆ ಕೃತಿ ಕೊಡುವ ಉತ್ತರ. ಆ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು. ಸುಮಾರು 87,000 ಮಂದಿ ಮಡಿದರು. ಅದೇ ವೇಳೆಯಲ್ಲಿ ದೇಶದೊಳಗೆ ‘ಭಾರತ ಬಿಟ್ಟು ತೊಲಗಿ’ ಚಳವಳಿ ನಡೆದಿತ್ತು. ಮೈಸೂರು ಸಂಸ್ಥಾನದ ಈಸೂರಿನ ಹೋರಾಟವೂ 1942ರದೇ. ಒಂದೇ ಊರಿನ ಒಬ್ಬ ಹುಡುಗ ಸೆರೆಮನೆಗೂ ಮತ್ತೊಬ್ಬ ಪಟಾಲಮಿಗೂ ಹೋಗುವ ಕಾಲ ಅದು. 1947ರ ನಂತರ ಮೊದಲನೆಯವನ ಕಥೆ ಪಠ್ಯಪುಸ್ತಕಕ್ಕೆ ಬಂತು. ಎರಡನೆಯವನ ಮನೆಯವರಿಗೆ ತಮ್ಮ ದುಃಖವನ್ನು ಯಾವ ಕಥೆಯೊಳಗೆ ಸೇರಿಸಬೇಕೆಂದು ತಿಳಿಯದೆ, ಅದು ಅಟ್ಟ ಸೇರಿತು. ಈ ಸತ್ಯವನ್ನು ರಘು ಕಾರ್ನಾಡರು ಯಾರನ್ನೂ ದೂಷಿಸದೆ ಹೇಳಿದ್ದಾರೆ.

ಆದರೆ ನಮ್ಮ ಸೀಮೆಯ ಓದುಗನೊಬ್ಬ ಈ ಪುಸ್ತಕವನ್ನು ಮುಚ್ಚಿಡುವಾಗ ಎರಡು ಆಕ್ಷೇಪಗಳು ಉಳಿಯುತ್ತವೆ.

ಮೊದಲನೆಯದು ಕೃತಿಯ ದೋಷಕ್ಕಿಂತ ಹೆಚ್ಚಾಗಿ ಅದರ ಎಲ್ಲೆ. ಈ ಮೂವರೂ ಓದಿದವರು, ಅಧಿಕಾರಿಗಳು. ಅಂತಹವರ ಹಿಂದೆ ಭಾವಚಿತ್ರವಿರುತ್ತದೆ, ಕಡತವಿರುತ್ತದೆ, ಅವರನ್ನು ಬಲ್ಲ ಗೆಳೆಯರ ಬರಹವಿರುತ್ತದೆ. ಕೆರೆಯ ಕೆಳಗಿನ ಹಳ್ಳಿಯಿಂದ ಹೆಬ್ಬೆಟ್ಟು ಒತ್ತಿ ಸೇರಿದ ಸಿಪಾಯಿಯ ಹಿಂದೆ ಏನಿರುತ್ತದೆ? ಮೈಸೂರು ಸೇನೆಯ ಸ್ಮರಣೆಯಲ್ಲಿಯೂ ಇದೇ ತಾರತಮ್ಯವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಗೆ ಬೆಂಗಳೂರಿನಲ್ಲಿಯೂ ದೆಹಲಿಯ ತೀನ್ ಮೂರ್ತಿಯಲ್ಲಿಯೂ ಸ್ಮಾರಕಗಳಿವೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆಯಾದವರಲ್ಲಿ ಒಂದನೆಯ ಮೈಸೂರು ಕಾಲಾಳು ಪಡೆಯವರೂ ಇದ್ದರು. ಅವರನ್ನು ನೆನೆಯುವವರು ವಿರಳ. ಗೆದ್ದವನಿಗೆ ಕಂಬ ನಿಲ್ಲುತ್ತದೆ, ಸೆರೆಸಿಕ್ಕವನ ನೆನಪು ಮನೆಯವರ ಪಾಲಿಗೆ ಉಳಿಯುತ್ತದೆ.

ಬಸರಾದ ಸಂಗತಿ ಇದಕ್ಕಿಂತ ಕಠಿಣವಾದದ್ದು. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದ ಭಾರತೀಯ ಸೈನ್ಯದಲ್ಲಿ ಮದ್ರಾಸ್ ಸ್ಯಾಪರ್ಸ್ ತಂಡದ ದಕ್ಷಿಣದವರೂ ಇದ್ದರು. ಸಮಾಧಿಯೇ ತಿಳಿಯದ 40,000ಕ್ಕೂ ಹೆಚ್ಚು ಮಂದಿಗಾಗಿ 1929ರಲ್ಲಿ ಬಸರಾ ಸ್ಮಾರಕ ಸಿದ್ಧವಾಯಿತು. ಅದರ ಕಲ್ಲಿನಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಪಡೆಗಳ ಅಧಿಕಾರಿಗಳ ಹೆಸರುಗಳೂ ಇವೆ. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಪಟಾಲಮಿನ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆ. ಸ್ಮಾರಕ ನಿರ್ಮಿಸಿದ ಆಯೋಗ 1917ರಲ್ಲಿ ಸ್ಥಾಪಿತವಾದಾಗ ದರ್ಜೆಯ ಭೇದವಿಲ್ಲದೆ ಎಲ್ಲರಿಗೂ ಸಮಾನ ಗೌರವವೆಂದು ಸಾರಿತ್ತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿಸಿಯೂ ಇತ್ತು. ಯುರೋಪಿನ ನೆಲದಲ್ಲಿ ಪಾಲಿಸಿದ ನಿಯಮವನ್ನು ಇರಾಕಿನಲ್ಲಿ ಕೈಬಿಟ್ಟಿತೆಂದೇ ಹೇಳಬೇಕು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೆಂದು ಇಂದು ಕರೆಯಲಾಗುವ ಅದೇ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ತನ್ನದೇ ವರದಿಯೊಂದನ್ನು ಪ್ರಕಟಿಸಿತು. ಮೊದಲ ಯುದ್ಧದ ಮೃತರಲ್ಲಿ 45,000ದಿಂದ 54,000 ಮಂದಿಯನ್ನು, ಮುಖ್ಯವಾಗಿ ಏಷ್ಯಾ ಮತ್ತು ಆಫ್ರಿಕಾದವರನ್ನು, ಅಸಮಾನವಾಗಿ ಸ್ಮರಿಸಲಾಗಿದೆಯೆಂದೂ, ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದೂ ಒಪ್ಪಿಕೊಂಡು ಕ್ಷಮೆ ಯಾಚಿಸಿತು.

ಎರಡನೆಯ ಆಕ್ಷೇಪ ನೇರವಾಗಿ ಬರವಣಿಗೆಗೆ ಸಂಬಂಧಿಸಿದ್ದು. ಘಟನೆಗಳನ್ನು ಶ್ರಮವಹಿಸಿ ಹುಡುಕಿದ ರಘು ಕಾರ್ನಾಡರು, ಆ ಘಟನೆಗಳ ನಡುವೆ ತರುಣರ ಮನಸ್ಸಿನಲ್ಲಿ ಏನು ಸುಳಿದಿರಬಹುದೆಂಬುದನ್ನು ಊಹೆಯಿಂದ ತುಂಬಿದ್ದಾರೆ. ಅವರ ಗದ್ಯ ಅಷ್ಟು ಸೊಗಸಾಗಿರುವುದರಿಂದ ಓದುಗನಿಗೆ ಸಾಕ್ಷ್ಯ ಎಲ್ಲಿ ಮುಗಿಯಿತು, ಊಹೆ ಎಲ್ಲಿ ತೊಡಗಿತು ಎಂಬುದು ಹೊಳೆಯುವುದಿಲ್ಲ. ಸಾಹಿತಿಗೆ ಈ ಸ್ವಾತಂತ್ರ್ಯವಿದೆಯೆಂದು ಒಪ್ಪೋಣ. ಆದರೆ ಹಿರಿಯರನ್ನು ಹುಡುಕಲು ಹೊರಟ ಕುಟುಂಬಗಳು ಇದನ್ನು ಮಾದರಿಯಾಗಿ ತೆಗೆದುಕೊಂಡರೆ ಅಪಾಯವಿದೆ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಪುಸ್ತಕ ಓದಿದ ಮೇಲೆ ನಾನು ಅಜ್ಜಿಯ ತವರಿನ ಧರ್ಮಕೇಂದ್ರಕ್ಕೆ ಹೋದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಆಕೆಯ ಅಣ್ಣನ ಹೆಸರು, ತಂದೆತಾಯಿಯ ಹೆಸರು, ಜ್ಞಾನಪಿತರ ಹೆಸರು ಎಲ್ಲವೂ ಇದ್ದವು. ಮರಣದ ಪುಸ್ತಕದಲ್ಲಿ ಆತನ ಸಾಲು ಇರಲಿಲ್ಲ. ಆ ಹೆಸರನ್ನು ಹಿಡಿದು ಮೃತ ಸೈನಿಕರ ಪಟ್ಟಿಗಳಲ್ಲಿ ಹುಡುಕಿದಾಗ ಅದೇ ಹೆಸರಿನ ಹಲವರು ಸಿಕ್ಕರು. ಅವರಲ್ಲಿ ಒಬ್ಬನನ್ನು ‘ಇವನೇ ನಮ್ಮವನು’ ಎಂದುಬಿಡಲು ಮನಸ್ಸು ಎಷ್ಟು ಹಾತೊರೆಯಿತೆಂದು ಹೇಳಲಾರೆ. ಮಗ, “ಅಪ್ಪಾ, ಅವರ ತಂದೆಯ ಹೆಸರೂ ಊರೂ ಹೊಂದುವುದಿಲ್ಲವಲ್ಲ” ಎಂದಾಗ ನಾಚಿಕೆಯಾಯಿತು. ಅವನು ಬೇರೊಬ್ಬ ತಾಯಿಯ ಮಗ. ನಮ್ಮ ಖಾಲಿ ಜಾಗವನ್ನು ತುಂಬಲು ಅವನನ್ನು ಎಳೆದು ತಂದರೆ, ಅವನ ಮನೆಯವರಿಂದ ಅವನನ್ನು ಎರಡನೆಯ ಬಾರಿ ಕಸಿದಂತೆ.

ಆದ್ದರಿಂದ ಹುಡುಕುವವರು ಕೈಯಲ್ಲಿರುವ ಸಾಕ್ಷ್ಯದಿಂದಲೇ ತೊಡಗುವುದು ಒಳಿತು. ಮನೆಯಲ್ಲಿ ಪದಕವಿದ್ದರೆ ಉಜ್ಜಿ ಬೆಳಗಿಸುವ ಮುನ್ನ ಅದರ ಅಂಚನ್ನೂ ಹಿಂಬದಿಯನ್ನೂ ನೋಡಿ. ಭಾರತೀಯ ಸೈನಿಕರಿಗೆ ಕೊಟ್ಟ ಯುದ್ಧ ಪದಕಗಳ ಮೇಲೆ ಸಾಮಾನ್ಯವಾಗಿ ಸೇವಾ ಸಂಖ್ಯೆ, ಹೆಸರು, ಪಟಾಲಮು ಅಚ್ಚಾಗಿರುತ್ತವೆ. ಹೆಸರಿಗಿಂತ ಆ ಸಂಖ್ಯೆಯೇ ಮುಖ್ಯ. ಊರಿನ ಹೆಸರನ್ನು ಇಂಗ್ಲಿಷಿನ ಹಲವು ಕಾಗುಣಿತಗಳಲ್ಲಿ ಹುಡುಕಬೇಕು. ತುರುವೇಕೆರೆ ಹಿಂದೆ ತಿಪಟೂರು ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತಾದ್ದರಿಂದ ಅಲ್ಲಿಯವರು ತಿಪಟೂರಿನ ಹೆಸರಿನಲ್ಲಿ ಸಿಗಬಹುದು. ಮರಳಿ ಬಂದವರಿಗೆ ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿಯೂ ತಾಲ್ಲೂಕು ಕಚೇರಿಯ ಕಡತವೂ ನೆರವಾಗುತ್ತವೆ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ನೂರಕ್ಕೆ ಹತ್ತರ ಪಾಲು ಮೀಸಲಿತ್ತು. ಹಳೆಯ ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ಹೇಳುವ ಒಂದೊಂದು ಪದವನ್ನೂ ಅವರು ಹೇಳಿದಂತೆಯೇ ಬರೆದಿಡಿ. ಅಜ್ಜಿಯ ಬಾಯಲ್ಲಿ ಉಳಿದ ‘ಬಸರಾ’ ಎಂಬ ಒಂದು ಪದ ಇಲ್ಲದಿದ್ದರೆ ನನಗೆ ಆ ದಾರಿಯೂ ಇರುತ್ತಿರಲಿಲ್ಲ.

‘ಫಾರ್ದೆಸ್ಟ್ ಫೀಲ್ಡ್’ ಓದಲೇಬೇಕಾದ ಕೃತಿ. ಇಂಗ್ಲಿಷ್ ಬಲ್ಲ ಮಕ್ಕಳಿರುವ ಮನೆಗಳಲ್ಲಿ ಅವರಿಂದ ಓದಿಸಿ, ಹಿರಿಯರು ಕೇಳಬಹುದು. ಮರೆತವರನ್ನು ಹುಡುಕುವುದು ಉಳಿದವರ ಹೊಣೆಯೆಂಬುದನ್ನು ಅದು ಕಲಿಸುತ್ತದೆ. ಸಿಗದಿದ್ದುದನ್ನು ಸಿಗಲಿಲ್ಲವೆಂದೇ ಬರೆಯುವ ಧೈರ್ಯವನ್ನು ಮಾತ್ರ ನಾವು ಬೇರೆ ಕಡೆಯಿಂದ ಕಲಿಯಬೇಕು. ನನ್ನ ಮಟ್ಟಿಗೆ ಅದನ್ನು ಕಲಿಸಿದ್ದು ಧರ್ಮಕೇಂದ್ರದ ಆ ಹಳೆಯ ಪುಸ್ತಕ: ಹುಟ್ಟಿದ್ದನ್ನು ಬರೆದಿದೆ, ಸತ್ತದ್ದನ್ನು ತಿಳಿಯದೆ ಬರೆದಿಲ್ಲ.

ಪ್ರತಿ ವರ್ಷ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ಬಲಿಪೂಜೆಗೆ ನಮ್ಮ ಮನೆಯಿಂದ ಕೊಡುವ ಹೆಸರುಗಳ ಚೀಟಿಯಲ್ಲಿ ಈಗ ಒಂದು ಹೆಸರು ಹೆಚ್ಚಾಗಿದೆ. ಅದರ ಮುಂದೆ ಪಟಾಲಮಾಗಲಿ, ಮರಣದ ದಿನಾಂಕವಾಗಲಿ ಬರೆದಿಲ್ಲ. ಅಜ್ಜಿ ಹೇಳಿದಷ್ಟೇ ಇದೆ: ಬಸರಾಕ್ಕೆ ಹೋದವರು.