ರಂಗದ ಮುಂದಣ ಕುತಪ

ನಾಟಕಗಳನ್ನು ವಿಮರ್ಶಿಸುವ ನಮ್ಮ ಲೇಖಕರು ಕವಿಯನ್ನು ಹೊಗಳುವರು, ನಟನ ಕಂಠವನ್ನು ಕೊಂಡಾಡುವರು, ಪರದೆಯ ಬಣ್ಣವನ್ನು ಸಹ ಬಿಡರು. ಆದರೆ ರಂಗದ ಮುಂದೆ ಕುಳಿತು ಇರುಳೆಲ್ಲ ಕಾಲುಪೇಟಿಯನ್ನು ತುಳಿದವನು ಯಾವ ಊರಿನವನು, ಯಾರ ಶಿಷ್ಯನು ಎಂಬದನ್ನು ವಿಚಾರಿಸಿದವರು ವಿರಳ. ಭರತಮುನಿಯು ಹೀಗೆ ಉಪೇಕ್ಷಿಸಲಿಲ್ಲ. ವಾದ್ಯವೃಂದಕ್ಕೆ 'ಕುತಪ'ವೆಂದು ಹೆಸರಿಟ್ಟು, ನೇಪಥ್ಯದ ಎರಡು ಬಾಗಿಲುಗಳ ನಡುವೆ ಅದಕ್ಕೆ ಸ್ಥಾನವನ್ನು ವಿಧಿಸಿ, ಗಾಯಕ, ವೈಣಿಕ, ಮಾರ್ದಂಗಿಕರೆಲ್ಲರನ್ನೂ ಎಣಿಸಿರುವನು. ಶಾಸ್ತ್ರಕಾರನು ಆಸನವಿತ್ತವರಿಗೆ ನಮ್ಮ ಹಸ್ತಪತ್ರಿಕೆಗಳು ಒಂದು ಸಾಲನ್ನೂ ಕೊಡಲಿಲ್ಲವೆಂಬದೇ ನನ್ನ ಆಕ್ಷೇಪಣೆ.

ಬೋರಗಾಂವ ಸೀಮೆಯವರಿಗೆ ಈ ವಿಚಾರವು ದೂರದ್ದಲ್ಲ. ನಮಗೆ ಒಂದು ಮಗ್ಗುಲಿಗೆ ಕೊಲ್ಹಾಪುರ, ಇನ್ನೊಂದು ಮಗ್ಗುಲಿಗೆ ಮಿರಜ. ಕೊಲ್ಹಾಪುರದ ಗೋವಿಂದರಾವ ಟೇಂಬೆಯವರು (1881-1955) ಪೇಟಿಯವರೇ. 1911ರಲ್ಲಿ 'ಮಾನಾಪಮಾನ' ನಾಟಕಕ್ಕೆ ಮಟ್ಟುಗಳನ್ನು ಕಟ್ಟಿದವರು, 1913ರಲ್ಲಿ ಗಂಧರ್ವ ನಾಟಕ ಮಂಡಳಿಯ ಪಾಲುದಾರರಲ್ಲೊಬ್ಬರಾದವರು. ಆ ಮಂಡಳಿಯ ತಬಲಾ ಅಹಮದಜಾನ ಥಿರಕವಾ ಅವರದು. ಮುರಾದಾಬಾದಿನ ವಾದಕರ ಮನೆತನದಲ್ಲಿ ಹುಟ್ಟಿ, ಮುನೀರಖಾನರಲ್ಲಿ ಕಲಿತವರು. 1970ರಲ್ಲಿ ಪದ್ಮಭೂಷಣ ಪಡೆದರು. ಸಾರಂಗಿಯು ಕಾದರಬಕ್ಷರದು. ಬಾಲಗಂಧರ್ವರ ಮರಾಠಿ ಪದಗಳಿಗೆ ಉತ್ತರದ ಈ ಮುಸಲ್ಮಾನ ಘರಾಣೆಗಳ ಲಯವೂ ನಾದವೂ ಬೆನ್ನೆಲುಬಾದವು. ಇದನ್ನು ಬಿಟ್ಟು ಆ ಗಾಯನವನ್ನು ವಿಮರ್ಶಿಸುವದು ಭಿತ್ತಿಯನ್ನು ಮರೆತು ಚಿತ್ರವನ್ನು ಹೊಗಳಿದಂತೆ. ಅಂದ ಹಾಗೆ, ಮಿರಜಿನ ತಂಬೂರಿಗಳನ್ನು ಮಾಡಿದ ಶಿಕಲಗಾರರು ಮೊದಲು ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು!

ಕನ್ನಡದಲ್ಲಿ ಗದುಗಿನ ದೃಷ್ಟಾಂತವೇ ಬೇರೆ. ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಕಲಿತು, ಊರೂರು ತಿರುಗುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅನಾಥ, ಅಂಧ ಬಾಲಕರ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಸಹ ಅಂಧರು. ಪೇಟಿ, ತಬಲಾ, ಪಿಟೀಲು ಮೂರನ್ನೂ ಬಲ್ಲವರು, ನಾಟಕಗಳನ್ನೂ ಬರೆದವರು. ಇದನ್ನು ಧರ್ಮಕಾರ್ಯವೆಂದು ಕೈಮುಗಿದು ಸುಮ್ಮನಾಗುವವರೇ ಬಹಳ. ಕಲೆಯ ದೃಷ್ಟಿಯಿಂದ ಅದು ಸಾಲದು. ಕಣ್ಣಿದ್ದ ವಾದಕನು ನಟನ ಕೈಸನ್ನೆಯನ್ನು ನೋಡಿ ನುಡಿಸುವನು. ಅಂಧನಿಗೆ ನಟನ ಉಸಿರೇ ಸನ್ನೆ. ಆದುದರಿಂದ ಅವನ ಸಾಥಿಯು ಪದದ ಹಿಂದೆ ಓಡದೆ ಅದರೊಡನೆಯೇ ನಡೆಯುವದೆಂದು ನನ್ನ ತಿಳುವಳಿಕೆ.

ದೋಷವನ್ನೂ ಹೇಳಬೇಕು. ಪೇಟಿಯು ಫ್ರಾನ್ಸ ದೇಶದ ಸಂತಾನ. ಅದರ ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿ, ಮೀಂಡಿಗೆ ಎಡೆಯಿಲ್ಲ. ಆಕಾಶವಾಣಿಯು 1940ರಿಂದ 1971ರ ವರೆಗೆ ಅದನ್ನು ಹೊರಗಿಟ್ಟದ್ದು ಕೇವಲ ಹಟವಲ್ಲ. ಆದರೆ ಡೇರೆಯಲ್ಲಿ ಕಡೆಯ ಸಾಲಿನವರೆಗೆ ಮುಟ್ಟುವ ದನಿ ಬೇಕು. ಸಾರಂಗಿಗೆ ಆ ಬಲವೆಲ್ಲಿ? ಪೇಟಿಯು ಗೆದ್ದಿತು, ನಟರ ಗಮಕಗಳು ಸವೆದವು. ಈ ಲಾಭಹಾನಿಯ ಲೆಕ್ಕವನ್ನು ನಮ್ಮ ರಂಗೇತಿಹಾಸಕಾರರು ಇನ್ನೂ ಬರೆಯಬೇಕಾಗಿದೆ.

ಸುಮಾರು ಐವತ್ತು ವರುಷಗಳ ಹಿಂದೆ ಜಾತ್ರೆಯೊಂದರಲ್ಲಿ ನಾನು ಕಂಡ ಆಟದಲ್ಲಿ ನಾಯಕನು ಪದದ ನಡುವೆ ಮಾತು ಮರೆತನು. ಪೇಟಿಯವನು ಅದೇ ಸಾಲನ್ನು ಸೊಗಸಾಗಿ ಮೂರು ಸಲ ತಿರುವಿ ನುಡಿಸಿದನು. ಅಷ್ಟರಲ್ಲಿ ನಟನಿಗೆ ನೆನಪಾಯಿತು. ಜನರು 'ವನ್ಸ್‌ಮೋರ್' ಎಂದು ಕೂಗಿದ್ದು ನಟನಿಗೆ. ಮರುದಿನ ಚಹದಂಗಡಿಯಲ್ಲಿ ಆತನನ್ನು ಕಂಡು ಹೆಸರು ಕೇಳಿದೆ.

"ಪೇಟಿ ಮಾಸ್ತರ ಅಂದ್ರ ಸಾಕೋ ತಮ್ಮಾ" ಎಂದನು.