ನೆರಳು ಮತ್ತು ರೂಪ: ಚೀನೀ ಛಾಯಾಚಿತ್ರದ ಎರಡು ನೆಲೆಗಳು

ಛಾಯಾಚಿತ್ರಕಲೆಗೆ ಚೀನೀ ಭಾಷೆಯಲ್ಲಿ ಎರಡು ಪದಗಳು ರೂಢಿಯಲ್ಲಿವೆ. 'ಷೆಯಿಂಗ್' ಎಂದರೆ ನೆರಳನ್ನು ಹಿಡಿಯುವುದು. ಕನ್ನಡದಲ್ಲಿ ಬಳಕೆಯಾಗುವ 'ಛಾಯಾಗ್ರಹಣ'ದ ಅರ್ಥವೂ ಅದೇ. 'ಝಾವೊಷಿಯಾಂಗ್' ಎಂದರೆ ಕನ್ನಡಿಯಂತೆ ರೂಪವನ್ನು ತೋರಿಸುವುದು. ಮೊದಲನೆಯದು ಕಲಾವಲಯದ ಪರಿಭಾಷೆ, ಎರಡನೆಯದು ಜನರ ಆಡುಮಾತು. ಈ ಕಲೆಯ ಮೀಮಾಂಸೆಯೂ ಇವೆರಡು ನೆಲೆಗಳಲ್ಲಿ ಬೆಳೆದಿದೆ.

ಶಿಷ್ಟ ನೆಲೆಯ ಪ್ರಾತಿನಿಧಿಕ ಕಲಾವಿದ ಲಾಂಗ್ ಜಿಂಗ್‌ಷಾನ್ (1892–1995). ಇವರು 1930ರ ದಶಕದಿಂದ ಬೇರೆ ಬೇರೆ ನೆಗೆಟಿವ್‌ಗಳ ಭಾಗಗಳನ್ನು ಕತ್ತಲೆಕೋಣೆಯಲ್ಲಿ ಕೂಡಿಸಿ ಒಂದೇ ಚಿತ್ರವಾಗಿಸಿದರು. ಒಂದೆಡೆಯ ಬೆಟ್ಟ, ಮತ್ತೊಂದೆಡೆಯ ಮರ, ನಡುವೆ ಮಂಜಿನಂಥ ಬಯಲು. ಚಿತ್ರದಲ್ಲಿ ಪ್ರಾಣದ ಉಸಿರು ಮಿಡಿಯಬೇಕೆಂಬುದು ಷಿಯೆ ಹ ಹೇಳಿದ ಆರು ಚಿತ್ರಸೂತ್ರಗಳಲ್ಲಿ ಮೊದಲನೆಯದು. ಮಸೂರದ ಏಕಬಿಂದು ನೋಟವನ್ನು ಮೀರಿ, ಬೆಟ್ಟದೊಳಗೆ ನಡೆದಾಡುವ ಕಣ್ಣನ್ನು ಲಾಂಗ್ ಛಾಯಾಚಿತ್ರಕ್ಕೆ ತಂದುಕೊಟ್ಟರು. ಇದು ನಿಜವಾದ ಸಾಧನೆ. ಆದರೆ ಚೀನೀತನವೆಂದರೆ ಇಷ್ಟೇ ಎಂದು ಭಾವಿಸಿದಾಗ ತೊಡಕು ಆರಂಭವಾಗುತ್ತದೆ.

ಜನಪದ ನೆಲೆಗೆ ಲೂ ಷುನ್ 1924ರಲ್ಲಿ ಬರೆದ ಛಾಯಾಚಿತ್ರ ಕುರಿತ ಪ್ರಬಂಧವೇ ಸಾಕ್ಷಿ. ಕ್ಯಾಮರಾ ಮನುಷ್ಯನ ಚೈತನ್ಯವನ್ನು ಸೆಳೆಯುತ್ತದೆಂಬ ಭಯವನ್ನೂ, ಅರ್ಧದೇಹದ ಚಿತ್ರ ಸೊಂಟ ಕತ್ತರಿಸಿದಂತೆ ಅಪಶಕುನವೆಂಬ ನಂಬಿಕೆಯನ್ನೂ ಆತ ವ್ಯಂಗ್ಯವಾಗಿ ದಾಖಲಿಸುತ್ತಾನೆ. ಸುಧಾರಕನ ಕಣ್ಣಿಗೆ ಇದು ಮೌಢ್ಯ. ಆದರೆ ಪೂರ್ವಜರ ಚಿತ್ರಪಟಗಳೊಂದಿಗೆ ಹೋಲಿಸಿದರೆ ಇದರ ತರ್ಕ ತಿಳಿಯುತ್ತದೆ. ಆ ಪಟಗಳಲ್ಲಿ ಹಿರಿಯರು ಸಾಮಾನ್ಯವಾಗಿ ನೇರಮುಖವಾಗಿ, ಪೂರ್ಣದೇಹದೊಂದಿಗೆ, ಮುಖದ ಮೇಲೆ ನೆರಳಿಲ್ಲದೆ ಕುಳಿತಿರುತ್ತಾರೆ. ಆರಾಧನೆಗೊಳ್ಳುವ ರೂಪ ಊನವಾಗಿರಬಾರದು. ಸ್ಟುಡಿಯೋದ ಪೂರ್ಣದೇಹದ ಭಂಗಿಯಲ್ಲಿ ಈ ಶ್ರದ್ಧೆಯೇ ಮುಂದುವರಿದಿದೆ.

ಅದೇ ಪ್ರಬಂಧದಲ್ಲಿ 'ಎರಡು ನಾನು' ಎಂಬ ಬಗೆಯ ಚಿತ್ರಗಳ ಪ್ರಸ್ತಾಪವಿದೆ. ಒಬ್ಬನೇ ವ್ಯಕ್ತಿ ಒಂದೇ ಚೌಕಟ್ಟಿನಲ್ಲಿ ಒಡೆಯನಾಗಿ ಕುಳಿತು, ಯಾಚಕನಾಗಿ ಮಂಡಿಯೂರಿರುತ್ತಾನೆ. ಅಂದರೆ ಬೇರೆ ಬೇರೆ ಕ್ಷಣಗಳನ್ನು ಒಂದೇ ಚಿತ್ರದಲ್ಲಿ ಬೆಸೆಯುವ ರೂಢಿ ಲಾಂಗ್‌ಗಿಂತ ಮೊದಲೇ ಊರಿನ ಸ್ಟುಡಿಯೋಗಳಲ್ಲಿತ್ತು.

ಹೀಗೆ ಎರಡೂ ನೆಲೆಗಳಲ್ಲಿ ಛಾಯಾಚಿತ್ರವು ಕ್ಷಣದ ಸಾಕ್ಷ್ಯವಾಗಿರದೆ ಪೂರ್ಣತೆಯ ರಚನೆಯಾಗಿದೆ. ಲಾಂಗ್ ನಿಸರ್ಗದ ಪೂರ್ಣತೆಯನ್ನು ಅರಸಿದರೆ, ಜನಸಾಮಾನ್ಯರು ದೇಹದ ಪೂರ್ಣತೆಯನ್ನು ಬಯಸಿದರು. ಒಂದನ್ನು ದರ್ಶನವೆಂದು, ಇನ್ನೊಂದನ್ನು ಮೂಢನಂಬಿಕೆಯೆಂದು ಕರೆಯುವ ವಿಮರ್ಶೆ ಆ ಜನರಿಂದ ಅವರ ತತ್ವಜ್ಞಾನವನ್ನೇ ಕಸಿದುಕೊಳ್ಳುತ್ತದೆ.